ಕೊಟ್ಟಿಗೆಯಾಚೆ: ಡಾಕ್ಟ್ರಮ್ಮನಿಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಸಂಪಾದಕರು “ಈ ಸಲ ಡಾಕ್ಟ್ರಮ್ಮನಿಗೆ ಕಾಡು, ಕಾಡುಪ್ರಾಣಿಗಳ ಬಗ್ಗೆ ಏನು ಬೇಕಾದರೂ ಕೇಳಿ” ಎಂದು ಪ್ರಕಟಿಸಿಬಿಟ್ಟರು. ಎಮ್ಮೆ ಸೊರ ಬಿಡುತ್ತಿಲ್ಲ, ಕರುವಿಗೆ ಭೇದಿ ನಿಲ್ಲುತ್ತಿಲ್ಲ ಎಂಬಂಥ ಪ್ರಶ್ನೆಗಳಿಗೆ ಒಗ್ಗಿಹೋದವಳು ನಾನು. ಬಂದ ಕಾಗದಗಳ ಕಟ್ಟು ನೋಡಿ ಖುಷಿಯೂ ಆಯಿತು, ಸ್ವಲ್ಪ ಗಾಬರಿಯೂ ಆಯಿತು. ಹಸು, ಎಮ್ಮೆ, ಕುರಿಯ ಪ್ರಶ್ನೆಗಳು ಮುಂದಿನ ತಿಂಗಳಿಗೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ದನಕರುಗಳ ಮಾತಿನ ನಡುವೆ ಕಾಡುಪ್ರಾಣಿ ನುಸುಳದ ತಿಂಗಳೇ ಇಲ್ಲ. ಈ ಹುಚ್ಚು ಹಿಡಿದದ್ದು ಯಾವಾಗ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಇದೇನು ಜ್ವರವೇ ಮೇಷ್ಟ್ರೇ, ಇಂಥ ದಿನ ಹಿಡಿಯಿತು ಎನ್ನಲು! ನಾನು ಹುಟ್ಟಿ ಬೆಳೆದದ್ದು ಸಾಗರ ತಾಲ್ಲೂಕಿನ ಒಂದು ಒಂಟಿಮನೆಯಲ್ಲಿ. ಎದುರಿಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಬೆಟ್ಟದ ಬೆನ್ನಿಗೇ ಕಾಡು. ಅಲ್ಲಿನ ಮಕ್ಕಳಿಗೆ ಪ್ರಾಣಿಪ್ರೀತಿ ಅಂತ ಬೇರೆ ಏನೂ ಇರುವುದಿಲ್ಲ. ಅವೂ ಇರುತ್ತವೆ, ನಾವೂ ಇರುತ್ತೇವೆ. ಮಂಗ ತೋಟಕ್ಕೆ ನುಗ್ಗಿದರೆ ಡಬ್ಬ ಬಡಿದು ಓಡಿಸುತ್ತಿದ್ದೆವು. ಓಡಿಸಿದ ಮೇಲೆ, ಮರಿಯನ್ನು ಹೊಟ್ಟೆಗೆ ಅವುಚಿಕೊಂಡ ತಾಯಿ ಮರದಿಂದ ಮರಕ್ಕೆ ಹೇಗೆ ಹಾರುತ್ತದೆ ಎಂದು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು.

ನನಗೆ ಮಾತ್ರ ಹಾರುಬೆಕ್ಕಿನ ಮೇಲೆ ವಿಪರೀತ ಮೋಹ. ಬೆಕ್ಕು ಅಂತ ಕರೆದರೂ ಅದು ದೊಡ್ಡ ಜಾತಿಯ ಅಳಿಲು. ಹಗಲೆಲ್ಲ ಮರದ ಪೊಟರೆಯಲ್ಲಿ ಮಲಗಿದ್ದು ಕತ್ತಲಾದ ಮೇಲೆ ಹೊರಬರುತ್ತದೆ. ನಮ್ಮ ಹಿತ್ತಿಲಲ್ಲಿ ಒಂದು ಹಳೇ ಹಲಸಿನ ಮರ ಇತ್ತು. ಹಣ್ಣಿನ ಕಾಲದಲ್ಲಿ, ಸರಿಯಾಗಿ ನಮ್ಮ ಊಟದ ಹೊತ್ತಿಗೆ, ಬೆಟ್ಟದ ಕಡೆಯ ಎತ್ತರದ ಮರದಿಂದ ಅದು ತೇಲಿ ಬರುತ್ತಿತ್ತು. ನಾಲ್ಕೂ ಕಾಲು ಚಾಚಿ, ಮುಂಗಾಲು ಹಿಂಗಾಲಿನ ನಡುವಿನ ಚರ್ಮವನ್ನು ಬಿಗಿಯಾಗಿ ಹರಡಿ, ಮೈಯಷ್ಟೇ ಉದ್ದದ ಬಾಲವನ್ನು ಹಿಂದೆ ಬಿಟ್ಟು ಬರುತ್ತದೆ. ಬಂದು ಹಿಡಿಯುವುದು ಮರದ ಬುಡದ ಹತ್ತಿರ. ಅಲ್ಲಿಂದ ಸರಸರ ಮೇಲಕ್ಕೆ ಹತ್ತಬೇಕು. ಮೇಲಿಂದ ಕೆಳಕ್ಕೆ ತೇಲಬಹುದೇ ಹೊರತು ಕೆಳಗಿನಿಂದ ಮೇಲಕ್ಕೆ ಹಾರಲು ಅದಕ್ಕೆ ರೆಕ್ಕೆ ಇಲ್ಲವಲ್ಲ. ಕಾಂಡಕ್ಕೆ ಉಗುರು ತಾಗಿದ ಟಪ್ ಸದ್ದು ಕೇಳಿದರೆ ಸಾಕು, ನಾನು ಅರ್ಧ ಊಟದಲ್ಲೇ ಎದ್ದು ಓಡುತ್ತಿದ್ದೆ. “ಎಂಜಲ ಕೈಯಲ್ಲಿ ಎಲ್ಲಿಗೆ ಹೊಂಟ್ಯೆ ಕೂಸೆ?” ಎಂದು ಅಜ್ಜಿ ಗದರುತ್ತಿದ್ದರು.

ಅದೇ ಅಜ್ಜಿ ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ಮಂಗ ಸತ್ತು ಬಿದ್ದ ಕಡೆ ಹೋಗಬೇಡಿ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಅದೂ ನಾನೂ ಓರಗೆಯವರು ಅಂತಲೇ ಇಟ್ಟುಕೊಳ್ಳಿ. ಚಳಿಗಾಲ ಮುಗಿಯುವ ಹೊತ್ತಿಗೆ ಬೆಟ್ಟದಲ್ಲಿ ಮುಸುವ ಸತ್ತ ಸುದ್ದಿ ಬಂದರೆ ಇಡೀ ಊರಿನ ಮುಖ ಸಪ್ಪೆಯಾಗುತ್ತಿತ್ತು. ಮಂಗನ ಮೇಲೆ ಸಿಟ್ಟು ಮಾಡಿಕೊಂಡವರೇ ಜಾಸ್ತಿ. ಆದರೆ ಪಾಪದ ಮಂಗ ಕೂಡ ನಮ್ಮ ಹಾಗೆ ರೋಗಿ. ಕಾಯಿಲೆ ದಾಟಿಸುವುದು ಉಣುಗು. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಉಣುಗುಗಳು ಉದುರಿ ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ.

ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಈ ಕತೆಯ ಉಳಿದರ್ಧ ತಿಳಿಯಿತು. ಬೆಳೆದ ಉಣುಗು ಹೊಟ್ಟೆ ತುಂಬ ರಕ್ತ ಹೀರಿ ಮೊಟ್ಟೆಗೆ ತಯಾರಾಗುವುದು ಹೆಚ್ಚಾಗಿ ದನದ ಮೈಮೇಲೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ಸೊಪ್ಪಿನ ಬೆಟ್ಟಕ್ಕೆ ಮೇಯಲು ಬಿಟ್ಟ ನಮ್ಮ ಕೊಟ್ಟಿಗೆಯ ದನಗಳೇ ಕಾಡಿನ ಉಣುಗಿಗೆ ಊಟ ಹಾಕುತ್ತಿದ್ದವು. ಕೊಟ್ಟಿಗೆ ಬೇರೆ, ಕಾಡು ಬೇರೆ ಎನ್ನುವ ಗೋಡೆ ನನ್ನ ತಲೆಯಲ್ಲಿ ಅವತ್ತೇ ಬಿದ್ದುಹೋಯಿತು. 2019ರ ಮೊದಲಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಗೆ ಜನ ಸತ್ತಾಗ ನಾನು ಕೆಲಸದಿಂದ ನಿವೃತ್ತಳಾಗಿದ್ದೆ. ಆದರೂ ಅಣ್ಣನಿಗೆ ಫೋನ್ ಮಾಡಿ ಮೊದಲು ಕೇಳಿದ್ದು, “ದನ ಬೆಟ್ಟಕ್ಕೆ ಹೊಡೀತಿದ್ದೀರಾ?”

ಪ್ರಶ್ನೆ: ನೀವು ದನದ ಡಾಕ್ಟರ್. ಕಾಡುಪ್ರಾಣಿಗಳಿಗಾಗಿ ನಿಜವಾಗಿ ಏನು ಮಾಡಿದ್ದೀರಿ? ತಪ್ಪು ತಿಳಿಯಬೇಡಿ, ಸುಮ್ನೆ ಕುತೂಹಲ.
— ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ತಪ್ಪು ತಿಳಿಯುವುದೇನಮ್ಮ, ಕೇಳಬೇಕಾದ ಪ್ರಶ್ನೆಯೇ. ನಾನು ಮಾಡಿದ ದೊಡ್ಡ ಕೆಲಸ ಅಂದರೆ ದನಕ್ಕೆ ಸೂಜಿ ಚುಚ್ಚಿದ್ದು. ನಗಬೇಡ, ಪೂರ್ತಿ ಕೇಳು.

ಎಂಬತ್ತರ ದಶಕದಲ್ಲಿ ನನ್ನನ್ನು ಗುಂಡ್ಲುಪೇಟೆ ತಾಲ್ಲೂಕಿಗೆ ಹಾಕಿದರು. ಬಂಡೀಪುರದ ಅಂಚಿನ ಹಳ್ಳಿಗಳು. ಹೆಂಗಸು ಡಾಕ್ಟ್ರು ಬಂದವ್ರೆ ಅಂತ ನೋಡಲು ಜನ ಸೇರುತ್ತಿದ್ದರು, ದನ ಆಮೇಲೆ ಬರುತ್ತಿತ್ತು. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ಇಟ್ಟುಕೊಂಡು ಊರೂರು ತಿರುಗುವುದು ನಮ್ಮ ಕೆಲಸ. ಐಸ್ ಕರಗುವುದರೊಳಗೆ ಮುಗಿಸಬೇಕು. ದನದವರು “ಮಧ್ಯಾಹ್ನದ ಮೇಲೆ ಬನ್ನಿ” ಅಂದರೆ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಅದು ದೊಡ್ಡರೋಗದ ಲಸಿಕೆ. ಈಗಿನ ಹುಡುಗರಿಗೆ ಆ ಹೆಸರೂ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ನಮ್ಮ ಸಂಪಾದನೆ. ಜ್ವರ ಬಂದು, ಬಾಯಿಯೆಲ್ಲ ಹುಣ್ಣಾಗಿ, ನೀರಿನಂತೆ ಭೇದಿಯಾಗಿ, ವಾರದೊಳಗೆ ದನ ನೆಲಕ್ಕೆ ಬೀಳುತ್ತಿತ್ತು. ಒಂದು ಕೊಟ್ಟಿಗೆಗೆ ಬಂದರೆ ಊರಿಗೇ ಬಂತು ಎಂದರ್ಥ. ಮಾರಮ್ಮನಿಗೆ ಹರಕೆ ಹೊರುವುದು ಬಿಟ್ಟರೆ ಹಿಂದಿನವರಿಗೆ ಬೇರೆ ದಾರಿ ಇರಲಿಲ್ಲ. ಗೊರಸು ಸೀಳಿದ ಪ್ರಾಣಿಗಳಿಗೆಲ್ಲ ಅದು ಹರಡುತ್ತಿತ್ತು. ಕಾಟಿ (ಕಾಡೆಮ್ಮೆ), ಜಿಂಕೆ, ಕಾಡುಹಂದಿ, ಯಾವುದನ್ನೂ ಬಿಡುತ್ತಿರಲಿಲ್ಲ. ಊರ ದನ, ಕಾಡಿನ ಕಾಟಿ ಎರಡೂ ಬೇಸಿಗೆಯಲ್ಲಿ ಅದೇ ಕೆರೆಯ ನೀರು ಕುಡಿಯಬೇಕಲ್ಲ.

1968ರಲ್ಲಿ ಬಂಡೀಪುರ, ಮುದುಮಲೈ ಕಡೆಯ ಕಾಟಿಗಳಿಗೆ ಈ ರೋಗ ತಗುಲಿ ಹಿಂಡುಹಿಂಡೇ ಹೋದವು. ಅದನ್ನು ಕಣ್ಣಾರೆ ಕಂಡ ಒಬ್ಬ ಜೇನುಕುರುಬ ಮುದುಕರು ನನಗೆ ಅಲ್ಲಿ ಸಿಕ್ಕಿದ್ದರು. ಕೆರೆಯ ಏರಿಯ ಮೇಲೆ ನಿಂತು, ಇಲ್ಲಿ ಒಂದು, ಅಲ್ಲಿ ಎರಡು, ಆ ಬಿದಿರಿನ ಮೆಳೆ ಹತ್ತಿರ ತಾಯಿ, ಕರು ಎಂದು ಬೆರಳು ತೋರಿಸುತ್ತಾ ಹೋದರು. ನೀರು ಕುಡಿಯಲು ಬಂದು ಎದ್ದು ಹೋಗಲಾಗದೆ ಅಲ್ಲೇ ಬಿದ್ದವಂತೆ. ವಾಸನೆಗೆ ಆ ಕಡೆ ಜೇನಿಗೂ ಹೋಗಲಾಗಲಿಲ್ಲವಂತೆ. ಅವತ್ತಿನಿಂದ ಒಂದು ದನವೂ ತಪ್ಪದಂತೆ ಲಸಿಕೆ ಹಾಕುವುದು ನನಗೆ ಬರೀ ನೌಕರಿಯ ಕೆಲಸವಾಗಿ ಉಳಿಯಲಿಲ್ಲ.

ದೇಶದಲ್ಲಿ ಈ ಲಸಿಕೆ ಕಾರ್ಯಕ್ರಮ ಶುರುವಾದದ್ದು 1954ರಲ್ಲಿ. ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಪ್ರಪಂಚದಲ್ಲೇ ದೊಡ್ಡರೋಗ ಇಲ್ಲ ಎಂದು ಘೋಷಿಸಿದರು. ಸಿಡುಬಿನ ನಂತರ ಭೂಮಿಯಿಂದ ಪೂರ್ತಿ ತೊಲಗಿಸಿದ ರೋಗ ಇದೊಂದೇ. ಆ ಸುದ್ದಿ ಪೇಪರಿನ ಒಳಪುಟದಲ್ಲಿ ಪುಟ್ಟದಾಗಿ ಬಂದಿತ್ತು. ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಈಗ ಬಂಡೀಪುರದ ರಸ್ತೆ ಪಕ್ಕ ಕಾಟಿ ಹಿಂಡು ಮೇಯುವುದನ್ನು ಜನ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಆ ಹಿಂಡನ್ನು ಉಳಿಸಿದವರಲ್ಲಿ ಕಾಡಿನೊಳಗೆ ಕಾಲೇ ಇಡದ ನೂರಾರು ಕಾಂಪೌಂಡರುಗಳಿದ್ದಾರೆ, ಹಠ ಮಾಡುವ ಎತ್ತಿನ ಮೂಗುದಾರ ಹಿಡಿದು ನಿಂತ ರೈತರಿದ್ದಾರೆ.

ಕಾಲುಬಾಯಿ ಜ್ವರ ಇನ್ನೂ ಹೋಗಿಲ್ಲ. ಅದೂ ದನದಿಂದ ಕಾಟಿಗೆ ದಾಟುತ್ತದೆ. ಅದರ ಲಸಿಕೆ ಈಗ ಉಚಿತ. ಹಾಲು ಕಡಿಮೆಯಾಗುತ್ತದೆ ಎಂದು ತಪ್ಪಿಸಿಕೊಳ್ಳುವವರಿಗೆ ಇಲ್ಲೇ ಒಂದು ಬೈಗುಳ ಕೊಟ್ಟು ಮುಂದೆ ಹೋಗುತ್ತೇನೆ.

ಪ್ರಶ್ನೆ: ಅಜ್ಜಿ, ನೀವು ಖರೇನ ಹುಲಿ ನೋಡೀರೇನು? ಅಂಜಿಕಿ ಬಂತೇನು?
— 5ನೇ ತರಗತಿ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಖರೇನ ನೋಡೀನಪ್ಪಾ. ಒಂದು ಸಂಜೆ ಜೀಪಿನಲ್ಲಿ ಬರುವಾಗ ಮುಂದೆಯೇ ರಸ್ತೆ ದಾಟಿತು. ಅಂಜಿಕೆ ಬರಲು ಪುರುಸೊತ್ತೇ ಇರಲಿಲ್ಲ. ಅದು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ, ನಮ್ಮನ್ನು ಲೆಕ್ಕಕ್ಕೇ ಇಡಲಿಲ್ಲ. ಎರಡು ಹುಲಿಗಳ ಪಟ್ಟೆ ಒಂದೇ ಥರ ಇರುವುದಿಲ್ಲ ಗೊತ್ತಾ? ಕಾಡಿನಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟಿ, ಬಂದ ಫೋಟೊಗಳ ಪಟ್ಟೆ ಹೋಲಿಸಿ ಎಣಿಸುತ್ತಾರೆ. 2022ರ ಎಣಿಕೆಯಲ್ಲಿ ನಮ್ಮ ಕರ್ನಾಟಕದಲ್ಲಿ 563 ಹುಲಿ ಎಂದು ಅಂದಾಜು ಮಾಡಿದರು. ಮಧ್ಯಪ್ರದೇಶ ಬಿಟ್ಟರೆ ನಾವೇ ಹೆಚ್ಚು.

ಇನ್ನು ಮುಂದಿನದು ದೊಡ್ಡವರಿಗೆ. ನೀನು ಬೇಕಾದರೆ ಇನ್ನೆರಡು ವರ್ಷ ಬಿಟ್ಟು ಓದು.

ನಾನು ಹುಲಿಗಿಂತ ಜಾಸ್ತಿ ನೋಡಿದ್ದು ಹುಲಿ ಹೊಡೆದ ದನಗಳನ್ನು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಜನ ಬಂದು ನಿಂತಿರುತ್ತಿದ್ದರು. “ಹಸುನ ಹುಲಿ ಹೊಡ್ದದ ಕನವ್ವ, ಬಿರ್ರನೆ ಬನ್ನಿ.” ಅರಣ್ಯ ಇಲಾಖೆಯವರು ಪರಿಹಾರ ಕೊಡಬೇಕಾದರೆ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕು. ಹೋಗಿ ಮೊದಲು ಕುತ್ತಿಗೆ ನೋಡುತ್ತಿದ್ದೆ, ಹಲ್ಲು ಊರಿದ ತೂತುಗಳಿಗಾಗಿ. ಆ ಜಾಗದ ಚರ್ಮ ಬಿಡಿಸಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬೇಕು. ಹೆಪ್ಪುಗಟ್ಟಿದ್ದರೆ ಬದುಕಿದ್ದಾಗಲೇ ಹಿಡಿದದ್ದು. ಇಲ್ಲದಿದ್ದರೆ ಬೇರೆ ಕಾರಣಕ್ಕೆ ಸತ್ತ ದನವನ್ನು ಯಾವುದೋ ಪ್ರಾಣಿ ಆಮೇಲೆ ತಿಂದದ್ದು. ಹುಲಿ ಸಾಮಾನ್ಯವಾಗಿ ಹಿಂದಿನ ತೊಡೆಯಿಂದ ತಿನ್ನಲು ಶುರುಮಾಡುತ್ತದೆ. ಚಿರತೆ ಹೊಟ್ಟೆ, ಎದೆಯ ಕಡೆಗೆ ಹೋಗುವುದೇ ಹೆಚ್ಚು. ಹೆಜ್ಜೆ ಗುರುತು ಇದ್ದರೆ ಒಳ್ಳೆಯದು, ಆದರೆ ಅಷ್ಟರಲ್ಲಿ ಊರಿನವರೆಲ್ಲ ಬಂದು ತುಳಿದಿರುತ್ತಾರೆ.

ಈಗ ಆ ಮನೆಯವರನ್ನು ನೋಡಿ. ಆ ಹಸುವಿನ ಹಾಲಿನಲ್ಲೇ ಸಂಘದ ಸಾಲದ ಕಂತು ಹೋಗುತ್ತಿರುತ್ತದೆ. ಅರ್ಧ ತಿಂದ ದನ ಎದುರಿಗೇ ಬಿದ್ದಿದೆ, ರಾತ್ರಿ ಹುಲಿ ಉಳಿದದ್ದನ್ನು ತಿನ್ನಲು ಬಂದೇ ಬರುತ್ತದೆ, ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಡಬ್ಬಿ ಇದೆ. ಅದನ್ನು ಮಾಂಸಕ್ಕೆ ಸುರಿಯಲು ಎಷ್ಟು ಹೊತ್ತು ಬೇಕು? 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿ ಒಟ್ಟಿಗೆ ಸತ್ತದ್ದು ಹೀಗೇ, ವಿಷ ಹಾಕಿದ ಹಸುವಿನ ಮಾಂಸ ತಿಂದು. ಆ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ. ವಿಷ ಹಾಕಿದವರನ್ನು ಹಿಡಿದರು, ಹಿಡಿಯಲೇಬೇಕು. ಆದರೆ ಗಡಿಹಳ್ಳಿಗಳಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ: ಡಾಕ್ಟರು ಅವತ್ತೇ ಬಂದು, ಅವತ್ತೇ ಬರೆದುಕೊಟ್ಟು, ದುಡ್ಡು ಬೇಗ ಕೈಗೆ ಬಂದ ಮನೆಯವರು ಆ ಡಬ್ಬಿ ಮುಟ್ಟುವುದಿಲ್ಲ. ನನ್ನ ಸಹಿ ತಡವಾದರೆ ಅದರ ಬೆಲೆ ತೆರುವುದು ಹುಲಿ. ಬರಿಯ ಪೆನ್ನಿನಿಂದಲೂ ಹುಲಿ ಉಳಿಸಬಹುದು ಎಂದು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಪ್ರಶ್ನೆ: ನಾವು ಚಿಕ್ಕವರಿದ್ದಾಗ ಊರಾಚೆ ದನ ಸತ್ತರೆ ಆಕಾಶದ ತುಂಬ ರಣಹದ್ದು. ಈಗ ನಾಯಿ ಬಿಟ್ಟರೆ ಏನೂ ಬರುವುದಿಲ್ಲ. ಹದ್ದುಗಳಿಗೆ ಏನಾಯಿತು?
— ರೈತರು, ರಾಮನಗರ

ಉತ್ತರ: ನಿಮ್ಮೂರಿನ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಅದರ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ತಲೆಮಾರುಗಳಿಂದ ಗೂಡು ಕಟ್ಟಿದ್ದವು. ಈಗ ಬೆರಳೆಣಿಕೆ.

ಇದರ ಉತ್ತರವೂ ದನದ ಮೈಯಲ್ಲೇ ಇದೆ. ಕೆಚ್ಚಲು ಬಾವು, ಕಾಲುನೋವು, ಜ್ವರ ಎಂದರೆ ಆಗ ನಮ್ಮೆಲ್ಲರ ಚೀಲದಲ್ಲಿ ಡೈಕ್ಲೋಫಿನಾಕ್ ಇಂಜೆಕ್ಷನ್. ಅಗ್ಗ, ಕೊಟ್ಟ ಸ್ವಲ್ಪ ಹೊತ್ತಿಗೇ ದನ ಮೇಲೇಳುತ್ತಿತ್ತು, ರೈತರಿಗೂ ಖುಷಿ. ಇಂಜೆಕ್ಷನ್ ತೆಗೆದುಕೊಂಡ ದನ ಒಂದೆರಡು ದಿನದೊಳಗೆ ಸತ್ತರೆ ಔಷಧಿ ಇನ್ನೂ ಮೈಯಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೈಕೊಡುತ್ತದೆ. ಕೊಯ್ದು ನೋಡಿದರೆ ಹೃದಯ, ಪಿತ್ತಜನಕಾಂಗದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ ಯೂರಿಕ್ ಆಮ್ಲ ಕೂತಿರುತ್ತದೆ. ಒಂದು ದನದ ಮೇಲೆ ಹತ್ತಾರು ಹದ್ದು ಒಟ್ಟಿಗೆ ಇಳಿಯುತ್ತಿದ್ದವಲ್ಲ, ಹಾಗಾಗಿ ಹತ್ತಾರು ಒಟ್ಟಿಗೇ ಹೋಗುತ್ತಿದ್ದವು. ತೊಂಬತ್ತರ ದಶಕದಿಂದ ಸುಮಾರು ಹದಿನೈದು ವರ್ಷದಲ್ಲಿ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಕಡಿಮೆಯಾಯಿತು. ಕಾರಣ ಪತ್ತೆಯಾದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ. ದನಗಳಿಗೆ ಕೊಡುವುದನ್ನು 2006ರಲ್ಲಿ ನಮ್ಮ ಸರ್ಕಾರ ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫಿನಾಕ್ ಕೂಡ ಆ ಪಟ್ಟಿಗೆ ಸೇರಿದವು.

ನಿಮ್ಮಿಂದ ಆಗುವ ಕೆಲಸ ಒಂದಿದೆ. ದನಕ್ಕೆ ನೋವಿನ ಇಂಜೆಕ್ಷನ್ ಬೇಕಾದಾಗ ಡಾಕ್ಟರಿಗೆ “ಮೆಲಾಕ್ಸಿಕಾಂ ಕೊಡಿ” ಎನ್ನಿ. ಹದ್ದಿಗೆ ಅದರಿಂದ ತೊಂದರೆ ಇಲ್ಲ. ಮೆಡಿಕಲ್ ಶಾಪಿನಿಂದ ಮನುಷ್ಯರ ಡೈಕ್ಲೋಫಿನಾಕ್ ತಂದು ತಾವೇ ಚುಚ್ಚುವವರು ಇನ್ನೂ ಇದ್ದಾರೆ. ನಿಮ್ಮ ಊರಿನಲ್ಲಿ ಅಂಥವರು ಕಂಡರೆ ಈ ಪುಟ ಹರಿದು ಕೊಡಿ, ಪತ್ರಿಕೆ ಹಾಳಾದರೂ ಚಿಂತೆಯಿಲ್ಲ.

ಪ್ರಶ್ನೆ: ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಕ್ಕವು. ತಾಯಿ ಬಿಟ್ಟುಹೋಗಿದೆ ಎಂದು ಹುಡುಗರು ಮನೆಗೆ ತಂದು ಹಾಲು ಕುಡಿಸಿದರು. ಅರಣ್ಯ ಇಲಾಖೆಯವರು ಬಂದು ಬೈದು, ಮರಿಗಳನ್ನು ಮತ್ತೆ ಗದ್ದೆಯಲ್ಲೇ ಇಟ್ಟರು. ಇದು ಸರೀನಾ?
— ಕಬ್ಬು ಬೆಳೆಗಾರರು, ಪಾಂಡವಪುರ

ಉತ್ತರ: ನೂರಕ್ಕೆ ನೂರು ಸರಿ. ತಾಯಿ ಬಿಟ್ಟುಹೋಗಿರುವುದಿಲ್ಲ. ಬೇಟೆಗೆ ಹೋಗಿರುತ್ತದೆ, ಇಲ್ಲವೇ ನಿಮ್ಮ ಆಳುಗಳ ಗದ್ದಲಕ್ಕೆ ಹತ್ತಿರದಲ್ಲೇ ಎಲ್ಲೋ ಅಡಗಿ ಕೂತಿರುತ್ತದೆ. ಅದಕ್ಕೆ ಕಬ್ಬಿನ ಗದ್ದೆ ಅಂದರೆ ವರ್ಷವಿಡೀ ನೆರಳು, ಹತ್ತಿರದಲ್ಲೇ ನೀರು, ತಿನ್ನಲು ನಾಯಿ, ಹಂದಿ. ಅಲ್ಲೇ ಹುಟ್ಟಿ ಬೆಳೆದ ಚಿರತೆಗೆ ಕಬ್ಬೇ ಕಾಡು. ಮರಿಗಳನ್ನು ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಸಿಕ್ಕ ಜಾಗದಲ್ಲೇ ಇಟ್ಟು ಜನ ದೂರ ಸರಿದರೆ, ಸಾಮಾನ್ಯವಾಗಿ ರಾತ್ರಿ ತಾಯಿ ಬಂದು ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾಗಿಸುತ್ತದೆ. ಮನೆಗೆ ತಂದ ಮರಿಗೆ ಆಮೇಲೆ ಜೀವನಪೂರ್ತಿ ಬೋನೇ ಗತಿ. ಅತ್ತ ಮರಿ ಕಳೆದುಕೊಂಡ ತಾಯಿ ಊರ ಸುತ್ತ ಅಲೆಯುತ್ತದೆ, ಅದು ನಿಮಗೇ ಅಪಾಯ.

ಹಸುವಿನ ಹಾಲು ಚಿರತೆ ಮರಿಯ ಹೊಟ್ಟೆಗೆ ಒಗ್ಗುವುದಿಲ್ಲ, ಭೇದಿಯಾಗುತ್ತದೆ. ಮರಿ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವುದನ್ನಂತೂ ನಿಲ್ಲಿಸಿ ಎಂದು ಆ ಹುಡುಗರಿಗೆ ನನ್ನ ಪರವಾಗಿ ಹೇಳಿ. ಕಂಡರೆ ಕಡಿಯುವುದು ನಿಲ್ಲಿಸಿ, ಇಲಾಖೆಗೆ ಫೋನ್ ಮಾಡಿ, ಒಂದು ರಾತ್ರಿ ಆ ಗದ್ದೆ ಬಿಟ್ಟುಬಿಡಿ. ಆಲೆಮನೆ ಒಂದು ದಿನ ಕಾಯುತ್ತದೆ.

ಪ್ರಶ್ನೆ: ನೀವು ಮೈಸೂರಿನಲ್ಲಿ ಕೂತು ಪ್ರಾಣಿಪ್ರೀತಿ ಬರೆಯುತ್ತೀರಿ. ನಮ್ಮ ತೋಟಕ್ಕೆ ಒಂದು ರಾತ್ರಿ ಆನೆ ಹಿಂಡು ಬಂದು ಹೋದರೆ ಕಾಫಿ ಗಿಡ ಮುರಿದು, ಬಾಳೆ ನೆಲಕಚ್ಚಿರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಬರಲು ಆಳುಗಳಿಗೆ ಭಯ. ನಮಗೂ ಆನೆಯನ್ನು ಪ್ರೀತಿಸಿ ಅನ್ನುತ್ತೀರಾ?
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಇಲ್ಲ ಸ್ವಾಮಿ, ಅನ್ನುವುದಿಲ್ಲ. ಮಂಜಿನಲ್ಲಿ ಕೆಲಸಕ್ಕೆ ಹೊರಟ ಮನುಷ್ಯನ ಎದುರಿಗೆ ಆನೆ ಬಂದು ನಿಂತರೆ ಏನಾಗುತ್ತದೆ ಎಂದು ನನಗೆ ಗೊತ್ತು, ಅಂಥ ಮನೆಗಳಿಗೆ ಹೋಗಿ ಬಂದಿದ್ದೇನೆ. ಅವರ ಮುಂದೆ ಪ್ರೀತಿಯ ಮಾತಾಡಲು ನಾಲಿಗೆ ಏಳುವುದಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಸುವುದು ಆನೆ ಕಾಟಕ್ಕಿಂತ ದೊಡ್ಡ ಕಾಟ.

2023ರ ಎಣಿಕೆ ಪ್ರಕಾರ ರಾಜ್ಯದಲ್ಲಿ 6395 ಆನೆ, ದೇಶದಲ್ಲೇ ಹೆಚ್ಚು. ಒಂದು ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋಗೆ ಕಡಿಮೆಯಿಲ್ಲದಷ್ಟು ಮೇವು ಬೇಕು. ಕಾಡಿನೊಳಗೆ ಲಂಟಾನ ಹಬ್ಬಿ ಹುಲ್ಲನ್ನು ನುಂಗಿದೆ. ತೋಟದಲ್ಲಿ ನೆರಳು, ಕೆರೆ, ಬಾಳೆ, ಹಲಸು ಎಲ್ಲ ಒಟ್ಟಿಗೇ ಇದೆ. ಆನೆಯಾಗಿದ್ದರೆ ನಾನೂ ನಿಮ್ಮ ತೋಟಕ್ಕೇ ಬರುತ್ತಿದ್ದೆ.

ಕೆಲಸಕ್ಕೆ ಬರುವ ಎರಡು ಮಾತು ಮಾತ್ರ ಹೇಳುತ್ತೇನೆ. ಹಲಸಿನ ವಾಸನೆ ಆನೆಯನ್ನು ಬಹಳ ದೂರದಿಂದ ಎಳೆಯುತ್ತದೆ, ಆದ್ದರಿಂದ ಎಳೆಗಾಯಿಯಲ್ಲೇ ಇಳಿಸಿಬಿಡಿ. ಕೊಡಗಿನಲ್ಲಿ ಅನೇಕರು ಹಾಗೆ ಮಾಡುತ್ತಾರೆ. ಇನ್ನೊಂದು, ಆನೆ ಎಲ್ಲಿದೆ ಎಂದು ಇಲಾಖೆಯವರು ಮೊಬೈಲಿಗೆ ಕಳಿಸುವ ಸಂದೇಶ ನಿಮಗೆ ಬಂದರೆ ಸಾಲದು, ಆಳುಗಳ ಫೋನಿಗೂ ಬರುವ ಹಾಗೆ ಅವರ ನಂಬರ್ ಸೇರಿಸಿ. ಮುಂಜಾನೆ ಮೊದಲು ತೋಟಕ್ಕೆ ಕಾಲಿಡುವವರು ಅವರೇ ಅಲ್ವಾ?

ಪ್ರಶ್ನೆ: ಗುಬ್ಬಚ್ಚಿ ಮರಿ ಗೂಡಿನಿಂದ ಬಿದ್ದಿದೆ. ಮುಟ್ಟಿದರೆ ತಾಯಿ ಸೇರಿಸುವುದಿಲ್ಲವಂತೆ, ಹೌದಾ?
— ಗೃಹಿಣಿ, ತುಮಕೂರು

ಉತ್ತರ: ಸುಳ್ಳು. ಪುಕ್ಕ ಬಾರದ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿಗೆ ಇಡಿ, ತಾಯಿ ಬಂದು ಉಣಿಸುತ್ತದೆ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಬೆಕ್ಕನ್ನು ಒಳಗೆ ಕಟ್ಟಿಹಾಕಿ, ನೀವೂ ಒಳಗೆ ಹೋಗಿ.

ಪ್ರಶ್ನೆ: ಮೊಮ್ಮಗನಿಗೆ ಗಿಳಿ ಸಾಕುವ ಆಸೆ. ಯಾವ ಆಹಾರ ಒಳ್ಳೆಯದು?
— ಹಿರಿಯ ನಾಗರಿಕರು, ವಿಜಯಪುರ

ಉತ್ತರ: ಮೊದಲು ವಕೀಲರನ್ನು ಕೇಳಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ನಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವುದು ಅಪರಾಧ. ಅಂಗಳದಲ್ಲಿ ಒಂದು ಸೀಬೆ ಗಿಡ ಹಾಕಿ. ಹಣ್ಣು ಬಿಡುವ ಹೊತ್ತಿಗೆ ಮೊಮ್ಮಗ ಸ್ವಲ್ಪ ದೊಡ್ಡವನಾಗಿರುತ್ತಾನೆ, ಗಿಳಿಗಳು ತಾವೇ ಬರುತ್ತವೆ.

ಪ್ರಶ್ನೆ: ನಮ್ಮ ಹೋಮ್‌ಸ್ಟೇ ಕಾಡಿನ ಪಕ್ಕದಲ್ಲಿದೆ. ಬೀದಿನಾಯಿಗಳಿಗೆ ದಿನಾ ಊಟ ಹಾಕುತ್ತೇವೆ. ಇದೂ ಪ್ರಾಣಿಪ್ರೀತಿಯೇ ತಾನೇ?
— ಚಿಕ್ಕಮಗಳೂರು

ಉತ್ತರ: ಊಟದ ಜೊತೆ ಲಸಿಕೆಯನ್ನೂ ಹಾಕಿಸಿದ್ದರೆ ಹೌದು. ನಾಯಿಗಳಿಂದ ಕಾಡಿಗೆ ಹೋಗುವುದು ರೇಬೀಸ್ ಒಂದೇ ಅಲ್ಲ, ಡಿಸ್ಟೆಂಪರ್ ಎಂಬ ವೈರಸ್ಸೂ ಹೋಗುತ್ತದೆ. ಅದು ಹುಲಿ, ಚಿರತೆ, ಸೀಳುನಾಯಿಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತಾಗ ಹಲವುದರಲ್ಲಿ ಸಿಕ್ಕಿದ್ದು ಇದೇ ವೈರಸ್. ನಾಯಿಗಳಿಗೆ ಎರಡೂ ಲಸಿಕೆ, ಸಂತಾನಹರಣ ಮಾಡಿಸಿ. ಅಡುಗೆಮನೆಯ ಉಳಿದದ್ದನ್ನು ಕಾಡಿನ ಅಂಚಿಗೆ ಸುರಿಯಬೇಡಿ. ನಾಯಿಗೆ ಎಂದು ಹಾಕಿದ ಊಟ ಕೊನೆಗೆ ಚಿರತೆಯನ್ನೂ ನಿಮ್ಮ ಅತಿಥಿಗಳ ಬಾಗಿಲಿಗೆ ಕರೆತರುತ್ತದೆ.

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಕಾಡುಪ್ರಾಣಿಗಳ ಡಾಕ್ಟರ್ ಆಗುತ್ತೇನೆ ಅಂತ ಹಠ. ದಾರಿ ಏನು? ಹೆಣ್ಣುಮಕ್ಕಳಿಗೆ ಆಗುವ ಕೆಲಸವೇ?
— ತಾಯಿ, ಹಾಸನ

ಉತ್ತರ: ಎರಡನೇ ಪ್ರಶ್ನೆಗೆ ಉತ್ತರ ಬರೆಯುತ್ತಿರುವವಳನ್ನು ನೋಡಿ! ನಮ್ಮ ತರಗತಿಯಲ್ಲಿ ಹೆಣ್ಣುಮಕ್ಕಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಈಗಿನ ತರಗತಿಗಳಲ್ಲಿ ಹುಡುಗಿಯರದ್ದೇ ಕಾರುಬಾರು.

ದಾರಿ ದನದಿಂದಲೇ ಶುರುವಾಗುತ್ತದೆ. ಬಿವಿಎಸ್ಸಿ ಎಂಬ ಪಶುವೈದ್ಯ ಪದವಿ ಐದೂವರೆ ವರ್ಷ, ಕೊನೆಯ ವರ್ಷ ಇಂಟರ್ನ್‌ಶಿಪ್. ನಮ್ಮ ರಾಜ್ಯದ ಸೀಟುಗಳಿಗೆ ಸಿಇಟಿ ಬರೆಯಬೇಕು, ಅಖಿಲ ಭಾರತ ಕೋಟಾಕ್ಕೆ ನೀಟ್. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಕಾಲೇಜುಗಳಿವೆ, ನಾನು ಓದಿದ ಹೆಬ್ಬಾಳವೂ ಅದರಲ್ಲೇ ಇದೆ. ಅದಾದ ಮೇಲೆ ವನ್ಯಜೀವಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡಬಹುದು.

ಆದರೆ ಟೀವಿಯಲ್ಲಿ ನೋಡಿ ಹಠ ಹಿಡಿದಿದ್ದರೆ ಒಂದು ಪರೀಕ್ಷೆ ಮಾಡಿ. ಬೇಸಿಗೆ ರಜೆಯಲ್ಲಿ ಹತ್ತಿರದ ಪಶು ಆಸ್ಪತ್ರೆಗೆ ಕಳಿಸಿ, ಡಾಕ್ಟರ ಅನುಮತಿ ಕೇಳಿ ಜೊತೆಗೆ ನಿಲ್ಲಲಿ. ಕಷ್ಟದ ಹೆರಿಗೆಯಲ್ಲಿ ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರುವಿನ ಕಾಲು ಹುಡುಕುವುದನ್ನು ನೋಡಲಿ. ಹುಳ ಬಿದ್ದ ಗಾಯ ತೊಳೆಯುವುದನ್ನು ನೋಡಲಿ. ಮನೆಗೆ ಬಂದು ಸರಿಯಾಗಿ ಊಟ ಮಾಡಿದಳೋ, ಓದಿಸಿ. ನಾನೇ ಬಂದು ಕಾಲೇಜಿಗೆ ಸೇರಿಸುತ್ತೇನೆ.

ಪ್ರಶ್ನೆ: ಡಾಕ್ಟ್ರಮ್ಮ, ಈ ಕಾಡುಮೇಡಿನ ಅಲೆದಾಟವನ್ನು ನಿಮ್ಮ ಯಜಮಾನರು ಹೇಗೆ ಸಹಿಸಿಕೊಂಡರು?
— ಹೆಸರು, ಊರು ಎರಡೂ ಬೇಡ ಎಂದಿದ್ದಾರೆ

ಉತ್ತರ: ನಮ್ಮವರು ಬ್ಯಾಂಕಿನಲ್ಲಿದ್ದವರು. ನನ್ನ ಮೈಯಿಂದ ಬರುವ ಫಿನಾಯಿಲ್, ಸಗಣಿ ವಾಸನೆಗೆ ಮದುವೆಯಾದ ಹೊಸದರಲ್ಲಿ ಮೂಗು ಮುಚ್ಚುತ್ತಿದ್ದರು. ಆಮೇಲೆ ವಾಸನೆಯಿಂದಲೇ ಅವತ್ತು ನಾನು ಯಾವ ಕೆಲಸಕ್ಕೆ ಹೋಗಿದ್ದೆ ಎಂದು ಹೇಳುವಷ್ಟು ಪಳಗಿದರು. ಎಚ್.ಡಿ. ಕೋಟೆಯಲ್ಲಿದ್ದಾಗ ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆ ನೋಡಲು ಕರೆದುಕೊಂಡು ಹೋಗುತ್ತಿದ್ದೆ. ನೀರು ಇಳಿದ ಜಾಗದಲ್ಲಿ ಹೊಸ ಹುಲ್ಲು ಚಿಗುರಿ ಹಿಂಡುಹಿಂಡೇ ಸೇರುತ್ತವೆ. ನಾನು ಮರಿಗಳನ್ನು ನೋಡುತ್ತಾ ಮೈಮರೆತಿದ್ದರೆ ಇವರು ಹಿಂಡನ್ನು ಎಣಿಸಿ, ಎರಡು ಸಲ ಕೂಡಿ, ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ನನ್ನ ಹಳೇ ಡೈರಿಗಳಲ್ಲಿ ಆ ಚೀಟಿಗಳು ಈಗಲೂ ಇವೆ, ಕೆಳಗೆ ಅವರ ಸಹಿ ಸಮೇತ.

ಆನೆಗೆ ಹೆದರದ ಈ ಮನುಷ್ಯನಿಗೆ ಹಲ್ಲಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಇದನ್ನು ಬರೆಯುತ್ತಿರುವಾಗಲೇ ಬಚ್ಚಲಿನಿಂದ “ಲೇ, ಇಲ್ಲಿ ಬಾರೇ!” ಎಂದು ಎರಡು ಸಲ ಕೂಗಾಯಿತು. ಪೊರಕೆ ತೆಗೆದುಕೊಂಡು ಹೋಗಬೇಕು. ಉಳಿದ ಪ್ರಶ್ನೆಗಳಿಗೆ ಮುಂದಿನ ತಿಂಗಳು.